ಅತ್ತೆಯ ಕೋಣೆಗೆ ಬಂದ ಕಡಲಹೂವು

ನಿಮ್ಮ ಕೋಣೆಯಿಂದಲೇ,
ಗುರುವಾರ, ಹದಿನಾರನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅತ್ತೆ,

ನಿಮ್ಮ ಸೊಸೆಯ ನಮಸ್ಕಾರ. ಮಂಡಿನೋವು ಹೇಗಿದೆ? ಭಾವನ ಮನೆಯ ಮೆಟ್ಟಿಲು ಹತ್ತಿಳಿಯುವುದನ್ನು ಕಡಿಮೆ ಮಾಡಿದ್ದೀರಾ, ಇಲ್ಲ ಬೇಡ ಅಂದಿದ್ದಕ್ಕೇ ಎರಡು ಸಲ ಹೆಚ್ಚಿಗೆ ಹತ್ತುತ್ತಿದ್ದೀರಾ? ರಾತ್ರಿಯ ಮಾತ್ರೆಯನ್ನು ಊಟ ಆದ ಮೇಲೆ ತೆಗೆದುಕೊಳ್ಳಿ, ಹೊಟ್ಟೆ ಖಾಲಿ ಇದ್ದಾಗ ಬೇಡ. ಅಕ್ಕ ಈಗ ಕೋಲಿಲ್ಲದೆ ಅಡುಗೆಮನೆವರೆಗೆ ನಡೆಯುತ್ತಿದ್ದಾರೆ ಅಂತ ನಿಮ್ಮ ಪತ್ರದಲ್ಲಿ ಓದಿ ಸಮಾಧಾನವಾಯಿತು. ಅವರ ಸೊಂಟದ ಆಪರೇಷನ್ನಿಗೆ ಆಸರೆಯಾಗಲೆಂದು ತಾನೇ ನೀವು ಹೋದದ್ದು. ಅವರು ಎದ್ದು ಓಡಾಡುವಂತಾದರು ಅಂದರೆ ನಿಮ್ಮ ಕೆಲಸ ಮುಗಿಯಿತು. ಇನ್ನು ಅಲ್ಲಿ ಹಾಲಿನ ಸೋಫಾದ ಮೇಲೆ ಕೂತು, ಎಲ್ಲರೂ ಟಿವಿ ಆರಿಸಿ ಎದ್ದು ಹೋಗಲಿ, ಕಾಲು ಚಾಚೋಣ ಅಂತ ಕಾಯುವುದಷ್ಟೇ ನಿಮಗೆ ಉಳಿದಿರುವುದು. ನೀವು ಅದನ್ನು ಬರೆದಿಲ್ಲ. ಬರೆಯದಿದ್ದರೂ ನನಗೆ ಗೊತ್ತಾಗುತ್ತದೆ.

ಪತ್ರದ ಕೊನೆಯಲ್ಲಿ ನೀವು ಕೇಳಿದ್ದೀರಿ: "ನನ್ನ ಕೋಣೆ ಖಾಲಿ ಆಯ್ತೋ ಇಲ್ವೋ? ಯಾವಾಗ ಬರ್ಲಿ? ಸುತ್ತಿ ಬಳಸಿ ಹೇಳ್ಬೇಡ." ಫೋನಿನಲ್ಲಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ನಿಮ್ಮ ಮಗ ಕೂಗುತ್ತಾರೆ, ನಿಮಗೆ ಅರ್ಧ ಕೇಳುತ್ತದೆ, ಉಳಿದ ಅರ್ಧಕ್ಕೆ ನೀವು ಹೂಂ ಅನ್ನುತ್ತೀರಿ. ಭಾವನ ಮನೆಯವರೆಲ್ಲ ಸ್ಪೀಕರಿನ ಸುತ್ತ ಕೂತಿರುತ್ತಾರೆ. ಅದಕ್ಕೇ ಈ ಕಾಗದ. ಸುತ್ತಿ ಬಳಸಬೇಡ ಅಂದಿದ್ದೀರಿ, ಆದರೆ ಸ್ವಲ್ಪ ಸುತ್ತಲೇಬೇಕಾಗಿದೆ. ಯಾಕೆಂದರೆ ಕಳೆದ ಭಾನುವಾರ ನಿಮ್ಮ ಕೋಣೆಗೆ ಹೊಸಬರೊಬ್ಬರು ಬಂದು ಸೇರಿದ್ದಾರೆ.

ನೀವು ಹೋದ ವಾರವೇ ನಿಮ್ಮ ಮಗ ಮೀನು, ಹವಳ ಸಾಕುವ ತಮ್ಮ ಉಪ್ಪುನೀರಿನ ಗಾಜಿನ ತೊಟ್ಟಿಯನ್ನು ಈ ಕೋಣೆಗೆ ತಂದಿಟ್ಟದ್ದು ನಿಮಗೆ ಗೊತ್ತೇ ಇದೆ. ಹಾಲಿನಲ್ಲಿ ಮಧ್ಯಾಹ್ನದ ಬಿಸಿಲು ಬಿದ್ದು ನೀರು ಕಾಯುತ್ತದೆ, ಹವಳಕ್ಕೆ ಆಗುವುದಿಲ್ಲ, ನೀವು ಬರುವ ಹೊತ್ತಿಗೆ ಹಾಲಿಗೆ ದಪ್ಪ ಪರದೆ ಹಾಕಿಸಿ ಮತ್ತೆ ಅಲ್ಲಿಗೇ ಸಾಗಿಸುತ್ತೇನೆ ಅಂದಿದ್ದರು. ಆ ಪರದೆಯನ್ನು ಹೊಲಿದವಳು ನಾನೇ, ಒಳಗೆ ಎರಡು ಪದರ ಅಸ್ತರಿ ಕೊಟ್ಟು. ಪರದೆ ತೂಗುಹಾಕಿ ಎಷ್ಟೋ ದಿನವಾಯಿತು. ಹಾಲ್ ಹಾಡುಹಗಲಲ್ಲೇ ಕತ್ತಲು. ತೊಟ್ಟಿ ಮಾತ್ರ ಇಲ್ಲೇ ಇದೆ. ನಿಮ್ಮ ಕಿಟಕಿಯ ಗಾಜಿಗೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿದ್ದಾರೆ, ಹೊರಗಿನ ಬೆಳಕು ಬಿದ್ದರೆ ಪಾಚಿ ಬೆಳೆಯುತ್ತದಂತೆ. ನಿಮ್ಮ ಮಂಚವನ್ನು ಗೋಡೆಗೆ ಒರಗಿಸಿ ನಿಲ್ಲಿಸಿದ್ದಾರೆ. ಬಾಗಿಲು ಯಾವಾಗಲೂ ಮುಚ್ಚಿರಬೇಕು. ಗೋಡೆ ಮೇಲೆ ನೀರು ಬೆವರುತ್ತದೆ, ಬೀರುವಿನಲ್ಲಿರುವ ನಿಮ್ಮ ಬಟ್ಟೆಗೆಲ್ಲ ಮೀನುಪೇಟೆಯ ವಾಸನೆ. ಕಿಟಕಿ ಪಕ್ಕದಲ್ಲಿ ನಾವಿಬ್ಬರೂ ಕೂತು ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತಿದ್ದ ಜಾಗದಲ್ಲಿ ಈಗ ಉಪ್ಪಿನ ಚೀಲಗಳಿವೆ. ನಾನು ಲಂಗದ ಅಂಚು ಮಡಚಿ ಹೊಲಿಯುತ್ತ, ನೀವು ಕಾಜಾ ಹಾಕುತ್ತ, ಗುಂಡಿ ಬಾಯಲ್ಲಿ ಕಚ್ಚಿಕೊಂಡೇ ಎದುರು ಮನೆಯವರ ಸುದ್ದಿ ಹೇಳುತ್ತಿದ್ದಿರಲ್ಲ, ಆ ಜಾಗ. ಉಪ್ಪುಗಾಳಿಗೆ ಸೂಜಿಗಳೆಲ್ಲ ತುಕ್ಕು ಹಿಡಿದು ಬಿಳಿ ಅಂಗಿಗಳ ಮೇಲೆ ಕಂದು ಚುಕ್ಕಿ ಬೀಳತೊಡಗಿದ ಮೇಲೆ ಮಿಷಿನ್ನನ್ನು ಬಚ್ಚಲಿನ ಮುಂದಿನ ಓಣಿಗೆ ಎಳೆದುಕೊಂಡು ಹೋದೆ. ಯಾರಾದರೂ ಬಚ್ಚಲಿಗೆ ಹೋಗಬೇಕೆಂದರೆ ನಾನು ಎದ್ದು ನಿಲ್ಲಬೇಕು.

ಆದರೂ ಸುಮ್ಮನಿದ್ದೆ. ಹೇಗೂ ತಾತ್ಕಾಲಿಕ ಅಂದುಕೊಂಡಿದ್ದೆ. ದಿನವಿಡೀ ಊರವರಿಗೆಲ್ಲ ಹಲ್ಲಿನ ಸೆಟ್ಟು ಮಾಡಿಕೊಡುವ ಮನುಷ್ಯ, ಮೇಣ, ಅಚ್ಚು, ಅರ ಅಂತ ಕಣ್ಣು ಕಿರಿದು ಮಾಡಿಕೊಂಡು ದುಡಿದು ಬರುತ್ತಾರೆ, ಮನೆಗೆ ಬಂದು ಹವಳ ನೋಡಿ ನಕ್ಕರೆ ನಗಲಿ ಬಿಡು ಅಂತ. ಆ ನಗು ನಿಮಗೂ ಗೊತ್ತು. ನಿಮ್ಮ ಬಾಯಿಗೆ ಸೆಟ್ಟು ಸರಿಯಾಗಿ ಕೂತ ದಿನ ಎಳೆ ಮಗುವಿನ ಹಾಗೆ ನಕ್ಕಿದ್ದರಲ್ಲ, ಅದೇ ನಗು. ಅದರ ಮುಂದೆ ನನಗೆ ಜಗಳ ಮರೆತುಹೋಗುತ್ತದೆ. ನನ್ನ ದೌರ್ಬಲ್ಯ ಅದು, ನೀವೂ ಎಷ್ಟೋ ಸಲ ಆಡಿಕೊಂಡಿದ್ದೀರಿ.

ಭಾನುವಾರ ಬೆಳಿಗ್ಗೆ ಎಬ್ಬಿಸಿ, "ಬಾ, ಒಂದು ಬಕೆಟ್ ಹಿಡ್ಕೋಬೇಕು" ಅಂದರು. ಮಾರುಕಟ್ಟೆಯ ಗಡಿಯಾರ ರಿಪೇರಿಯವರು ಮನೆ ಬದಲಾಯಿಸುತ್ತಿದ್ದಾರೆ, ತಮ್ಮ ತೊಟ್ಟಿಯನ್ನು ಮುಚ್ಚುತ್ತಿದ್ದಾರೆ, ಅದರಲ್ಲಿದ್ದ ದೊಡ್ಡ ಕಡಲಹೂವನ್ನು ನಮಗೆ ಕೊಡುತ್ತಾರಂತೆ. ಹೂವು ಅನ್ನುವುದು ಹೆಸರಿಗೆ ಮಾತ್ರ ಅತ್ತೆ, ಅದು ಪ್ರಾಣಿ. ಅರಳಿದರೆ ನಮ್ಮ ದೊಡ್ಡ ಊಟದ ತಟ್ಟೆಗಿಂತ ಅಗಲ. ಮೇಲೆಲ್ಲ ಬೆರಳಿನಂಥ ಎಳೆಗಳು, ಕೆಳಗೆ ಒಂದೇ ಒಂದು ದಪ್ಪ ಕಾಲು. ಆ ಕಾಲನ್ನು ಕಲ್ಲಿಗೆ ಅಂಟಿಸಿಕೊಂಡು ಬದುಕುತ್ತದೆ. ಗಡಿಯಾರದವರ ಹೆಂಡತಿ ಎರಡೂ ಕೈಯಲ್ಲಿ ಬಕೆಟ್ ಎತ್ತಿ ನನ್ನ ಕೈಗಿಟ್ಟರು. ಮುಖದಲ್ಲಿ ಅಂಥ ಸಂತೋಷವನ್ನು ನಾನು ಮದುವೆಮನೆಯಲ್ಲೂ ನೋಡಿಲ್ಲ. ಕಾರಿನವರೆಗೂ ಬಂದು, ಬಾಗಿಲು ತಾವೇ ಹಾಕಿ, ನಾವು ತಿರುವು ದಾಟುವವರೆಗೆ ಕೈ ಬೀಸುತ್ತಿದ್ದರು. ಆಗಲೇ ನನಗೆ ಅರ್ಥವಾಗಬೇಕಿತ್ತು.

ಮನೆಗೆ ಬಂದ ಮೇಲೆ ಅದನ್ನು ತೊಟ್ಟಿಗೆ ಇಳಿಸುವುದೇ ಒಂದು ಶಾಸ್ತ್ರ. ದೀಪ ಮಂದ ಮಾಡಬೇಕು. ಬಕೆಟ್ಟಿನ ನೀರಿಗೆ ತೊಟ್ಟಿಯ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬಿಡುತ್ತ, ಉಪ್ಪೂ ಬಿಸಿಯೂ ಎರಡಕ್ಕೂ ಒಂದಾಗುವವರೆಗೆ ಕಾಯಬೇಕು. ನಾನು ಕೊಳವೆ ಹಿಡಿದು ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತೆ. ಅವರು ಟಾರ್ಚು ಹಾಕಿಕೊಂಡು ಅದರ ಕಾಲು ಎಲ್ಲಾದರೂ ಹರಿದಿದೆಯಾ ಅಂತ, ಹಲ್ಲಿನ ಅಚ್ಚಿನಲ್ಲಿ ಬಿರುಕು ಹುಡುಕುವ ಹಾಗೆ ಹುಡುಕಿದರು. ಅಲೆ ಎಬ್ಬಿಸುವ ಪಂಪುಗಳನ್ನೆಲ್ಲ ಆರಿಸಿ, ಕೈಗವಸು ಹಾಕಿಕೊಂಡು, ಉಸಿರು ಬಿಗಿಹಿಡಿದು ಅದನ್ನು ದೊಡ್ಡ ಕಲ್ಲಿನ ಮೇಲೆ ಕೂರಿಸಿದರು. ನಿಧಾನಕ್ಕೆ ಎಳೆಗಳು ಬಿಚ್ಚಿಕೊಂಡವು. ತುದಿಯಲ್ಲಿ ನಸು ನೇರಳೆ. ಸುಳ್ಳು ಹೇಳಬಾರದು, ಚೆಂದವೇ ಇತ್ತು.

ಚೆಂದವಿದೆ ಅಂತ ಬಾಯಿಬಿಟ್ಟು ಹೇಳಿ, ಅದೇ ಉಸಿರಿನಲ್ಲಿ ಕೇಳಿದೆ, ಅಮ್ಮ ಬರುವ ದಿನ ಹತ್ತಿರ ಬಂತು, ತೊಟ್ಟಿಯನ್ನು ಹಾಲಿಗೆ ಯಾವಾಗ ಸಾಗಿಸೋಣ ಅಂತ. ಅವರು ನನ್ನ ಮುಖವನ್ನು ನೋಡಿದ ರೀತಿ ನೋಡಬೇಕಿತ್ತು ನೀವು, ಓಡುವ ಬಸ್ಸಿನ ಚಕ್ರ ಕಳಚೋಣ ಅಂದಳೇನೋ ಇವಳು ಅನ್ನುವ ಹಾಗೆ. "ಈಗ ಹೆಂಗೆ ಸಾಗ್ಸೋದು? ಅದು ಕಾಲೂರಿದ ಮೇಲೆ ಕಲ್ಲು ಅಲ್ಲಾಡಿಸ್ಬಾರ್ದು. ಕಿತ್ರೆ ಕಾಲು ಹರಿದು ಸಾಯುತ್ತೆ, ಸತ್ರೆ ನೀರೆಲ್ಲ ವಿಷ ಆಗಿ ಎಲ್ಲಾನೂ ಹೋಗುತ್ತೆ." ಹಾಗಾದರೆ ಅಮ್ಮ ಎಲ್ಲಿರಬೇಕು ಅಂದೆ. ತೊಟ್ಟಿಯ ಗಾಜು ಒರೆಸುತ್ತಲೇ ಹೇಳಿದರು: "ಹಾಲ್‌ನಲ್ಲಿ ಮಲಗ್ತಾಳೆ ಬಿಡು. ಅಲ್ಲೂ ಸೋಫಾ ಮೇಲೇ ತಾನೇ ಮಲಗ್ತಿರೋದು, ಅಭ್ಯಾಸ ಆಗಿದೆ ಅವಳಿಗೆ."

ಸಿಟ್ಟಿನಿಂದ ಹೇಳಿದ ಮಾತಲ್ಲ ಅತ್ತೆ. ಸಿಟ್ಟಿನಿಂದ ಹೇಳಿದ್ದರೆ ಎದುರುತ್ತರ ಕೊಡಬಹುದಿತ್ತು. ಉಪ್ಪು ತೀರಿದೆ, ತರಬೇಕು ಅನ್ನುವಷ್ಟು ಸಲೀಸಾಗಿ ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ನಿಮಗೆ ಇದನ್ನು ಬರೆಯಬೇಕೋ ಬೇಡವೋ ಅಂತ ನಾಲ್ಕು ದಿನ ಯೋಚಿಸಿದ್ದೇನೆ. ಬರೆಯದಿದ್ದರೆ ನೀವು ಸಾಮಾನು ಕಟ್ಟಿಕೊಂಡು ಬಂದು, ಬಾಗಿಲಲ್ಲಿ ನಿಂತು, ನಿಮ್ಮ ಕಣ್ಣಿನಿಂದಲೇ ನೋಡುತ್ತಿದ್ದಿರಿ. ಅದನ್ನು ನಾನು ನೋಡಲಾರೆ.

ಸೋಮವಾರ ಅವರು ಕೆಲಸಕ್ಕೆ ಹೋದರು, ಕಾವಲಿಗೆ ನಾನು. ಈ ಜೀವಕ್ಕೆ ಇಟ್ಟ ಜಾಗ ಒಪ್ಪಿಗೆಯಾಗದಿದ್ದರೆ ನಡೆಯತೊಡಗುತ್ತದೆ. ನಡಿಗೆ ಅಂದರೆ ನಡಿಗೆಯಲ್ಲ, ನೀವು ಒಂದು ಗಂಟೆ ಬಿಟ್ಟು ನೋಡಿದರೆ ಒಂದು ಗೇಣು ಆಚೆ ಇರುತ್ತದೆ. ಹೋದಲ್ಲೆಲ್ಲ ಹವಳಗಳನ್ನು ಚುಚ್ಚಿ ಸುಡುತ್ತದೆ. ಪಂಪಿನ ಬಾಯಿಗೆ ಸಿಕ್ಕಿತೋ, ಮಿಕ್ಸಿಯಲ್ಲಿ ಹಾಕಿದಂತೆ ಚೂರುಚೂರಾಗಿ ತೊಟ್ಟಿಯೇ ಮುಗಿದುಹೋಗುತ್ತದಂತೆ. ಅದಕ್ಕೆ ಪಂಪಿನ ಬಾಯಿಗೆಲ್ಲ ಸ್ಪಂಜು ಕಟ್ಟಿ, ಆ ಸ್ಪಂಜಿನಲ್ಲಿ ಕಸ ಕಟ್ಟಿಕೊಂಡರೆ ಬಿಚ್ಚಿ ತೊಳೆದು ಮತ್ತೆ ಕಟ್ಟಬೇಕು ಅಂತ ನನಗೆ ಹೇಳಿ ಹೋದರು. ಗಂಟೆಗೊಂದು ಸಲ ಫೋನು. "ಎಲ್ಲಿದೆ ಈಗ? ಅರಳಿದ್ಯಾ ಮುದುರಿದ್ಯಾ? ನೀನು ಎಲ್ಲೂ ಹೋಗ್ಬೇಡ." ನಿಮ್ಮ ಕುರ್ಚಿಯಲ್ಲಿ ಕೂತು, ಅಂಟಿಸಿದ ಕಿಟಕಿಯ ಎದುರು, ಆ ನೀಲಿ ಬೆಳಕಿನಲ್ಲಿ ಹಗಲೋ ಸಂಜೆಯೋ ಗೊತ್ತಾಗದೆ ಅದನ್ನೇ ನೋಡುತ್ತ ಕೂತೆ. ಪಂಪಿನ ಗುಂಯ್ ಅನ್ನುವ ಸದ್ದು ಕಿವಿಯೊಳಗೇ ಮನೆ ಮಾಡಿಕೊಂಡಿದೆ. ಯೂನಿಫಾರ್ಮ್ ಅಂಗಡಿಯಿಂದ ಕೆಲಸ ಕೇಳಿ ಕರೆ ಬಂದರೆ ನಾಳೆ ಅಂದೆ, ಮಂಗಳವಾರವೂ ನಾಳೆ ಅಂದೆ. ಹಾಲು ತರಲು ಕೆಳಗೆ ಇಳಿದರೆ ಮೆಟ್ಟಿಲಲ್ಲೇ ಫೋನು ಹೊಡೆದುಕೊಂಡಿತು. ಉಸಿರು ಕಟ್ಟುತ್ತಿತ್ತು ನನಗೆ. ಕಿಟಕಿ ತೆಗೆದು ಒಂದು ಸಲ ತಲೆ ಆಚೆ ಹಾಕಿ ಉಸಿರಾಡಬೇಕು ಅನ್ನಿಸುತ್ತಿತ್ತು. ಚಿಲಕದ ಮೇಲೂ ಹಾಳೆ ಅಂಟಿಸಿದ್ದಾರೆ.

ನಗು ಬರುವ ಸಂಗತಿಯೊಂದಿದೆ, ಅದನ್ನೂ ಬರೆಯುತ್ತೇನೆ, ಇಲ್ಲದಿದ್ದರೆ ನೀವು ಬರೀ ಅಳುತ್ತೀರಿ. ಇಷ್ಟೆಲ್ಲ ಯಾರಿಗೋಸ್ಕರ ಗೊತ್ತೇ? ತೊಟ್ಟಿಯಲ್ಲಿರುವ ಒಂದು ಜೊತೆ ಕಿತ್ತಳೆ ಬಣ್ಣದ ಮೀನಿಗೋಸ್ಕರ. ಮೈಮೇಲೆ ಬಿಳಿ ಪಟ್ಟಿ, ನಾನು ಅವಕ್ಕೆ ಕೋಡಂಗಿಗಳು ಅನ್ನುತ್ತೇನೆ. ಸಮುದ್ರದಲ್ಲಿ ಆ ಜಾತಿಯ ಮೀನು ಇಂಥ ಹೂವಿನ ಮಡಿಲಲ್ಲೇ ಸಂಸಾರ ಮಾಡುವುದಂತೆ. ನಮ್ಮವು ಅಂಗಡಿಯ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು, ಹೂವಿನ ಮುಖವನ್ನೇ ಕಂಡಿಲ್ಲ. ಅವಕ್ಕೆ ಅಭ್ಯಾಸ ಮಾಡಿಸಬೇಕು ಅಂತ ನಿಮ್ಮ ಮಗ ಹೋದ ತಿಂಗಳೇ ಹಲ್ಲಿನ ಸೆಟ್ಟಿನ ಒಳಗೆ ಹಾಕುವ ಮೆತ್ತನೆಯ ಗುಲಾಬಿ ರಬ್ಬರಿನಲ್ಲಿ ಒಂದು ನಕಲಿ ಹೂವು ಮಾಡಿದ್ದರು. ಒಂದೊಂದು ಎಳೆಯನ್ನೂ ಕೈಯಿಂದಲೇ ಎಳೆದು, ಅಂಗೈಯಗಲ. ತೊಟ್ಟಿಯ ಮೂಲೆಯಲ್ಲಿ ಅದನ್ನಿಟ್ಟರೆ ಎರಡೂ ಕೋಡಂಗಿಗಳು ಅದರೊಳಗೆ ಹೊಕ್ಕು ಮಲಗಿದವು. ಈಗ ನಿಜವಾದದ್ದು ಬಂದಿದೆ, ಅರಮನೆಯಷ್ಟು ಅಗಲ. ಅವು ಅದರ ಕಡೆ ತಿರುಗಿಯೂ ನೋಡಿಲ್ಲ. ಆ ಹಲ್ಲಿನ ರಬ್ಬರಿನಲ್ಲೇ ಒತ್ತಿಕೊಂಡು ಮಲಗುತ್ತವೆ. ರಬ್ಬರನ್ನು ತೆಗೆದುಬಿಡೋಣ ಅಂತ ಇವರು ಕೈ ಹಾಕಿದರೆ ಹೆಣ್ಣುಮೀನು ಬಂದು ಕೈಗೆ ಕಚ್ಚಿತು. ಮುಖ ಸಪ್ಪೆ ಮಾಡಿಕೊಂಡು ಊಟಕ್ಕೆ ಕೂತರು. ನಾನು ಅಡುಗೆಮನೆಗೆ ಹೋಗಿ, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ನಕ್ಕು ನಕ್ಕು ಅಳು ಬಂತು.

ನಿನ್ನೆಯದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ. ಮಧ್ಯಾಹ್ನ ಪಂಪು ಆರಿಸಿ, ಸ್ಪಂಜು ಬಿಚ್ಚಿ ತೊಳೆಯಲು ಬಚ್ಚಲಿಗೆ ಹೋಗಿದ್ದೆ. ಬಂದು ನೋಡಿದರೆ ಬೆಳಿಗ್ಗೆಯಿಂದ ಗಾಜು ಹತ್ತುತ್ತಿದ್ದ ಹೂವು ಸ್ಪಂಜಿಲ್ಲದ ಬೋಳು ಪಂಪಿನ ಪಕ್ಕಕ್ಕೆ ಬಂದು ನಿಂತಿದೆ. ಎಳೆಗಳು ಪಂಪಿನ ಬಾಯಿಯ ಮೇಲೆಯೇ ಹರಡಿಕೊಂಡಿವೆ. ನನ್ನ ಒಂದು ಕೈಯಲ್ಲಿ ಒದ್ದೆ ಸ್ಪಂಜು. ಇನ್ನೊಂದು ಕೈ ಗೋಡೆಯ ಸ್ವಿಚ್ಚಿನ ಮೇಲೆ ಇತ್ತು. ಯಾವಾಗ ಹೋಯಿತೋ ಅಲ್ಲಿಗೆ, ಗೊತ್ತಿಲ್ಲ. ಒಂದು ಸಲ ಒತ್ತಿದರೆ ಸಾಕು. ಮರೆತು ಹಾಕಿಬಿಟ್ಟೆ ಅಂದರೆ ನಂಬುತ್ತಿದ್ದರು, ಬೈಯುತ್ತಲೂ ಇರಲಿಲ್ಲ, ಅತ್ತುಬಿಡುತ್ತಿದ್ದರು ಅಷ್ಟೆ. ವಾರದೊಳಗೆ ನೀರು ಚೆಲ್ಲಿ, ಕಲ್ಲು ಸಾಗಿಸಿ, ಹಾಳೆ ಕಿತ್ತು, ಕಿಟಕಿ ತೆಗೆದು, ನಿಮಗೆ ಬನ್ನಿ ಅಂತ ಬರೆಯಬಹುದಿತ್ತು. ಎಷ್ಟು ಹೊತ್ತು ಹಾಗೇ ನಿಂತಿದ್ದೆನೋ. ಅದು ಮಾತ್ರ ಕಾಲನ್ನು ಸ್ವಲ್ಪ ಸ್ವಲ್ಪವೇ ಎತ್ತಿ, ಗಾಜಿನ ಅಂಚನ್ನು ತಡವುತ್ತಿತ್ತು. ನಾಲ್ಕು ದಿನದಿಂದ ಆ ತೊಟ್ಟಿಯ ಮೂಲೆ ಮೂಲೆ ತಡವಿದೆ ಅದು. ಎಲ್ಲಿ ಹೋದರೂ ಗಾಜು. ಗಡಿಯಾರದವರ ಮನೆಯಿಂದ ಕಿತ್ತು ತಂದದ್ದು ನಾವು, ಅದು ಬರುತ್ತೇನೆ ಅಂತ ಕೇಳಿತ್ತೇ? ನನಗೆ ಅದರ ಮೇಲೆ ಇದ್ದ ಸಿಟ್ಟು ಸೋರಿಹೋಯಿತು. ಸಿಟ್ಟು ಇರಲಿಲ್ಲ ಅಂತಲ್ಲ, ಅದು ಇರಬೇಕಾದ ಕಡೆಗೆ ಹೋಯಿತು.

ಪಂಪನ್ನು ಹೆಚ್ಚು ಹೊತ್ತು ಆರಿಸಿಡುವಂತಿಲ್ಲ, ಮೀನಿಗೆ ಉಸಿರು ಕಟ್ಟುತ್ತದೆ. ಅಡುಗೆಮನೆಯಿಂದ ಪ್ಲಾಸ್ಟಿಕ್ ಜರಡಿ ತಂದು, ಪಂಪಿಗೂ ಅದಕ್ಕೂ ನಡುವೆ ಅಡ್ಡ ಹಿಡಿದೆ. ಕೈಗವಸು ಹುಡುಕಲು ಹೊತ್ತಿರಲಿಲ್ಲ. ಎಳೆಗಳು ಮೊಣಕೈವರೆಗೆ ಅಂಟಿಕೊಂಡವು, ಹಸಿ ಗೋಂದಿನ ಹಾಗೆ. ಆಮೇಲೆ ಕೈಯೆಲ್ಲ ಕೆಂಪು ಬಾಸುಂಡೆ, ಈಗಲೂ ತುರಿಸುತ್ತದೆ. ಹೆದರಬೇಡಿ, ಔಷಧಿ ಅಂಗಡಿಯವರು ಕೊಟ್ಟ ಮುಲಾಮು ಹಚ್ಚಿದ್ದೇನೆ. ನಿಮ್ಮ ಮಗ ಬರುವವರೆಗೂ ಹಾಗೇ ನಿಂತಿದ್ದೆ. ಅವರು ಬಂದರು, ಹೂವು ನೋಡಿದರು, ಪಂಪು ನೋಡಿದರು, ಜರಡಿ ನೋಡಿದರು. "ನೀನಿಲ್ದಿದ್ರೆ ಏನು ಗತಿ ಆಗ್ತಿತ್ತು" ಅಂದರು. ರಾತ್ರಿಯ ಹೊತ್ತಿಗೆ ಅದು ದೊಡ್ಡ ಕಲ್ಲಿನ ಹಿಂಬದಿಗೆ ಇಳಿದು, ಸೀಳಿನೊಳಗೆ ಕಾಲು ತೂರಿಸಿ, ನೆಲೆ ನಿಂತಿತು. ಇನ್ನು ಇದು ಇಲ್ಲೇ, ವರ್ಷಗಟ್ಟಲೆ ಇರುತ್ತೆ, ನಮಗಿಂತ ಹೆಚ್ಚು ಬದುಕಿದರೂ ಬದುಕಬಹುದು ಅಂತ ಸಂಭ್ರಮದಿಂದ ಹೇಳಿದರು. ನನ್ನ ಕೈ ಅವರು ನೋಡಲಿಲ್ಲ.

ಇದು ನಿಮ್ಮ ಪ್ರಶ್ನೆಗೆ ಉತ್ತರ. ನಿಮ್ಮ ಕೋಣೆ ಖಾಲಿಯಾಗಿಲ್ಲ, ಆಗುವುದೂ ಇಲ್ಲ. ಬನ್ನಿ ಅನ್ನೋಣವೆಂದರೆ ಇಲ್ಲಿ ಸೋಫಾ ಬಿಟ್ಟು ಬೇರೆ ಜಾಗವಿಲ್ಲ, ಬರಬೇಡಿ ಅನ್ನಲು ನನಗೆ ಬಾಯಿ ಬರುವುದಿಲ್ಲ. ನಿಮ್ಮ ಮಗನ ಮೇಲೆ ಬೇಸರ ಮಾಡಿಕೊಳ್ಳಬೇಡಿ ಅಂತ ಬರೆಯಬೇಕೆಂದಿದ್ದೆ, ಬರೆಯುವುದಿಲ್ಲ. ಮಾಡಿಕೊಳ್ಳಿ. ನನಗೂ ಆಗಿದೆ. ಅವರು ಕೆಟ್ಟವರಲ್ಲ ಅನ್ನುವುದು ನಮ್ಮಿಬ್ಬರಿಗೂ ಗೊತ್ತು, ಅದರಿಂದಲೇ ಇಷ್ಟು ದಿನ ಇಬ್ಬರೂ ಬಾಯಿ ಮುಚ್ಚಿಕೊಂಡು ಗೋಡೆಗೆ ಒತ್ತಿಕೊಳ್ಳುತ್ತ ಬಂದಿದ್ದೇವೆ. ಮೂರು ಗಂಟೆಯಾಯಿತು, ಸ್ಪಂಜು ತೊಳೆಯಬೇಕು.

ಭಾವನಿಗೂ ಅಕ್ಕನಿಗೂ ನನ್ನ ನಮಸ್ಕಾರ ಹೇಳಿ. ಅಕ್ಕ ಅವಸರಪಟ್ಟು ಕೋಲು ಬಿಸಾಡದಿರಲಿ. ಮಕ್ಕಳ ಕೆನ್ನೆ ಹಿಂಡಿ, ಹೆಸರು ಮಾತ್ರ ನನ್ನದು ಹೇಳಿ. ಈ ಕಾಗದ ಓದಿದ ಮೇಲೆ ದಿಂಬಿನ ಕೆಳಗೆ ಇಡಬೇಡಿ, ಅಲ್ಲಿ ಎಲ್ಲರ ಕೈಗೂ ಸಿಗುತ್ತದೆ. ನಿಮ್ಮ ಆಶೀರ್ವಾದ ನನ್ನ ಮೇಲೆ ಇರಲಿ, ಈ ವಾರ ಎಂದಿಗಿಂತ ಒಂದು ಹಿಡಿ ಹೆಚ್ಚಿಗೆ ಬೇಕಾಗಿದೆ.

ನಿಮ್ಮ ಕಾಜಾಗಳಿಲ್ಲದೆ ಕೈ ಮುರಿದಂತಾಗಿರುವ
ನಿಮ್ಮ ಸೊಸೆ

ತಾ.ಕ.: ಶನಿವಾರ ಬೆಳಿಗ್ಗೆ, ಅವಸರದಲ್ಲಿ. ಮರೆತದ್ದನ್ನು ಬರೆಯುತ್ತಿಲ್ಲ, ಧೈರ್ಯ ಬರಲೆಂದು ಕಾದಿದ್ದನ್ನು ಬರೆಯುತ್ತಿದ್ದೇನೆ. ನಿನ್ನೆ ಬೆಳಿಗ್ಗೆ ಫೋನನ್ನು ಮನೆಯಲ್ಲೇ ಬಿಟ್ಟು ಯೂನಿಫಾರ್ಮ್ ಅಂಗಡಿಯ ದಪ್ಪ ಕನ್ನಡಕದಮ್ಮನ ಹತ್ತಿರ ಹೋಗಿದ್ದೆ. ಅಂಗಡಿಯ ಹಿಂದಿನ ಕೋಣೆಯನ್ನು ಬಾಡಿಗೆಗೆ ಕೇಳಿದೆ, ಒಪ್ಪಿದರು. ಬಾಡಿಗೆಯನ್ನು ನಮ್ಮ ಹೊಲಿಗೆಯ ಕೂಲಿಯಲ್ಲೇ ಮುರಿದುಕೊಳ್ಳುತ್ತಾರಂತೆ. ಮೆಟ್ಟಿಲಿಲ್ಲ, ನೆಲಕ್ಕೇ ಇದೆ. ಕಿಟಕಿ ತೆಗೆದರೆ ಸ್ಕೂಲಿನ ಮಕ್ಕಳು ಹೋಗುವುದು ಕಾಣುತ್ತದೆ. ನಿನ್ನೆ ಸಂಜೆಯೇ ಮಿಷಿನ್ನೂ ನಿಮ್ಮ ಮಂಚವೂ ಅಲ್ಲಿಗೆ ಹೋದವು. ಮಂಚದ ಒಂದು ಕಡೆಯನ್ನು ಹಿಡಿದು ಹೊತ್ತವರು ನಿಮ್ಮ ಮಗನೇ. ಯಾಕೆ, ಯಾರಿಗೆ ಅಂತ ಕೇಳಲಿಲ್ಲ. "ಒಳ್ಳೇದಾಯ್ತು, ಇನ್ನೊಂದು ಸಣ್ಣ ತೊಟ್ಟಿಗೆ ಜಾಗ ಆಯ್ತು" ಅಂದರು. ಅವರನ್ನು ಬಿಟ್ಟುಬಿಡುತ್ತಿದ್ದೇನೆ ಅಂದುಕೊಳ್ಳಬೇಡಿ, ಊಟಕ್ಕೆ ಬರಲಿ, ನಾವು ಬಡಿಸೋಣ. ಆದರೆ ಆ ಮನೆಯಲ್ಲಿ ಇನ್ನೊಂದು ದಿನ ನನ್ನಿಂದಾಗದು. ನೀವು ಬಸ್ಸಿಳಿದು ಮನೆ ಕಡೆ ತಿರುಗದೆ ನೇರ ಅಂಗಡಿಗೆ ಬನ್ನಿ, ಈ ಕಾಗದ ಸಿಕ್ಕಿದ ಮರುದಿನವೇ ಬನ್ನಿ. ನನ್ನ ಹಾಸಿಗೆಯೂ ಬಟ್ಟೆಯೂ ಇವತ್ತು ಮಧ್ಯಾಹ್ನ ಹೋಗುತ್ತವೆ. ಅವರು ಸಂಜೆ ಬಂದವರೇ ಮೊದಲು ತೊಟ್ಟಿ ನೋಡುತ್ತಾರೆ. ನಾನಿಲ್ಲ ಅನ್ನುವುದು ಊಟದ ಹೊತ್ತಿಗೆ ಗೊತ್ತಾಗಬಹುದು.